ಬುಲ್ಡೋಜರ್ ಕಟ್ಟಿದ ದ್ವೀಪದಲ್ಲಿ ರಾಜಹಂಸ

ಮಕ್ಕಳೇ, ಮನುಷ್ಯರೇ ಮಣ್ಣಿನ ಸುಳ್ಳು ಗೂಡುಗಳನ್ನು ಕಟ್ಟಿಟ್ಟು ಕಾಡುಹಕ್ಕಿಗಳನ್ನು ಮೊಟ್ಟೆ ಇಡಲು ಕರೆದ ಸಂಗತಿ ಕೇಳಿದ್ದೀರಾ? ಇದು ಕಟ್ಟುಕಥೆಯಲ್ಲ. 1974ರಲ್ಲಿ ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯ ಕಮಾರ್ಗ್ ಎಂಬಲ್ಲಿ ನಡೆದದ್ದು.

ಆಟ್ಲಾಸ್ ತೆಗೆದು ನೋಡಿ. (ಅಜ್ಜ ಅಜ್ಜಿಯರೇ, ಆಟ್ಲಾಸಿನ ಅಕ್ಷರ ಬಹಳ ಸಣ್ಣದು, ಪಕ್ಕದಲ್ಲಿ ಮೊಮ್ಮಗುವನ್ನು ಕೂರಿಸಿಕೊಳ್ಳಿ.) ಆಲ್ಪ್ಸ್ ಪರ್ವತದಲ್ಲಿ ಹುಟ್ಟುವ ರೋನ್ ನದಿ ಆರ್ಲ್ ಎಂಬ ಊರಿನ ಹತ್ತಿರ ಎರಡು ಕವಲಾಗಿ ಸಮುದ್ರ ಸೇರುತ್ತದೆ. ಆ ಎರಡು ಕವಲುಗಳ ನಡುವೆ ನದಿ ಸಾವಿರಾರು ವರ್ಷ ತಂದು ಸುರಿದ ಮಣ್ಣೇ ಕಮಾರ್ಗ್. ಬೆಟ್ಟವಿಲ್ಲ, ಗುಡ್ಡವಿಲ್ಲ. ಕಣ್ಣು ಹರಿಸಿದಷ್ಟು ದೂರ ಜೌಗು, ಹಿನ್ನೀರು, ಉಪ್ಪುನೆಲ. ನದಿಯ ಸಿಹಿನೀರು ಹಾಯಿಸಿದ ಕಡೆ ಭತ್ತದ ಗದ್ದೆಗಳೂ ಇವೆ. ಹೌದು, ಫ್ರಾನ್ಸಿನಲ್ಲೂ ಭತ್ತ ಬೆಳೆಯುತ್ತಾರೆ. ಸೊಳ್ಳೆಯ ವಿಷಯ ಕೇಳಲೇಬೇಡಿ.

ಅಲ್ಲಿಯ ಗಿಡಗಳನ್ನು ನೋಡಿದರೆ ಉಪ್ಪಿನ ಜತೆ ಬಾಳುವುದು ಹೇಗೆಂದು ತಿಳಿಯುತ್ತದೆ. ಸಾಲಿಕೋರ್ನಿಯಾ ಎಂಬ ಗಿಡಕ್ಕೆ ಎಲೆ ಇದ್ದೂ ಇಲ್ಲದ ಹಾಗೆ. ಗಂಟು ಗಂಟಾದ, ರಸ ತುಂಬಿದ ಹಸಿರು ಕಡ್ಡಿಗಳಷ್ಟೇ ಕಾಣುತ್ತವೆ. ಉಪ್ಪನ್ನು ಆ ರಸದಲ್ಲೇ ಅಡಗಿಸಿಕೊಳ್ಳುತ್ತದೆ. ಮಳೆಗಾಲ ಕಳೆದಾಗ ನಮ್ಮ ಬಯಲು ಹಳದಿಯಾಗುವಂತೆ, ಅಲ್ಲಿ ಬೇಸಗೆ ಮುಗಿದಾಗ ಈ ಗಿಡದಿಂದಾಗಿ ನೆಲವೆಲ್ಲ ಕೆಂಪಾಗುತ್ತದೆ. ಹಿಂದೆ ಇಂಥ ಗಿಡಗಳನ್ನು ಸುಟ್ಟ ಬೂದಿಯಿಂದ ಸೋಡಾ ತೆಗೆದು ಗಾಜಿಗೂ ಸಾಬೂನಿಗೂ ಬಳಸುತ್ತಿದ್ದರು. ‘ಸಲಾಡೆಲ್’ ಎಂಬ ಇನ್ನೊಂದು ಗಿಡ ಬೇರೆ ಉಪಾಯ ಹೂಡಿದೆ. ಹೆಚ್ಚಾದ ಉಪ್ಪನ್ನು ಎಲೆಯ ಮೇಲಿನ ಸಣ್ಣ ಗ್ರಂಥಿಗಳಿಂದ ಹೊರಗೆ ಹಾಕಿಬಿಡುತ್ತದೆ. ಅದರ ನೇರಳೆ ಹೂವು ಒಣಗಿದರೂ ಬಣ್ಣ ಬಿಡುವುದಿಲ್ಲ. ಅಲ್ಲಿ ಕುದುರೆ ಏರಿ ಕಪ್ಪು ಗೂಳಿಗಳನ್ನು ಕಾಯುವವರಿಗೆ ಈ ಹೂ ಬಲು ಪ್ರೀತಿಯದು. ಆ ಬಿಳಿ ಕುದುರೆಗಳು ಹುಟ್ಟುವಾಗ ಬಿಳಿ ಇರುವುದಿಲ್ಲ! ಮರಿ ಕಪ್ಪಗೋ ಕಂದಾಗಿಯೋ ಇದ್ದು, ವರ್ಷಗಳು ಕಳೆದಂತೆ ಬಿಳುಪಾಗುತ್ತದೆ. ನಮ್ಮ ತಲೆಗೂದಲಿನ ಹಾಗೆ ಎನ್ನಿ.

ಈಗ ಹಕ್ಕಿಗೆ ಬರೋಣ. ಫ್ಲೆಮಿಂಗೊ ಎಂದು ಇಂಗ್ಲಿಷಿನಲ್ಲಿ ಹೇಳುವ ಹಕ್ಕಿಯನ್ನು ನಾವು ರಾಜಹಂಸ ಎನ್ನುತ್ತೇವೆ. ಪುರಾಣದ ಹಂಸ ಬೇರೆ, ಇದು ಬೇರೆ. ಉದ್ದ ಕಾಲು, ಉದ್ದ ಕತ್ತು, ಬಾಗಿದ ಕೊಕ್ಕು. ತಲೆಯನ್ನು ತಲೆಕೆಳಗು ಮಾಡಿ ಕೊಕ್ಕನ್ನು ನೀರಿಗೆ ಇಳಿಸಿ, ನಾಲಿಗೆಯನ್ನು ಪಂಪಿನಂತೆ ಆಡಿಸುತ್ತಾ ನೀರನ್ನು ಸೋಸುತ್ತದೆ. ನೀರು ಹೊರಗೆ, ಸಣ್ಣ ಜೀವಿಗಳು ಹೊಟ್ಟೆಗೆ. ಉಪ್ಪುನೀರಿನ ಪುಟ್ಟ ಸಿಗಡಿ ಅದಕ್ಕೆ ಇಷ್ಟ. ಗರಿಯ ಗುಲಾಬಿ ಬಣ್ಣ ಈ ಊಟದಿಂದಲೇ ಬರುತ್ತದೆ. ಮರಿಗಳು ಬೂದು ಬಣ್ಣದವು, ಪೂರ್ತಿ ಗುಲಾಬಿಯಾಗಲು ಕೆಲವು ವರ್ಷ ಬೇಕು. ಇದೇ ಜಾತಿಯ ಹಕ್ಕಿ ನಮ್ಮ ಗುಜರಾತಿನ ಕಚ್ಛದ ರಣದಲ್ಲೂ ಗೂಡು ಕಟ್ಟುತ್ತದೆ.

ರಾಜಹಂಸ ಗೂಡಿನ ವಿಷಯದಲ್ಲಿ ಬಹಳ ನಾಜೂಕು. ಸುತ್ತ ನೀರಿರಬೇಕು, ನರಿ, ನಾಯಿ ಬರಬಾರದು. ಸಾವಿರಾರು ಹಕ್ಕಿ ಒಟ್ಟಿಗೆ ಕೂರಬೇಕು. ಕೆಸರನ್ನು ಗುಡ್ಡೆ ಹಾಕಿ, ಮೇಲೆ ಬೋಗುಣಿಯಂತೆ ತಗ್ಗು ಮಾಡಿ, ಅದರಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಸರದಿಯಂತೆ ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ. ಅಷ್ಟರಲ್ಲಿ ಗದ್ದಲವಾದರೆ ಇಡೀ ಹಿಂಡು ಎದ್ದು ಹೋಗುವುದುಂಟು. 1960ರ ದಶಕದಲ್ಲಿ ಕಮಾರ್ಗ್‌ನಲ್ಲಿ ಹಾಗೇ ಆಯಿತು. ಹಳೆಯ ದ್ವೀಪಗಳು ಅಲೆಗೆ ಕೊಚ್ಚಿಹೋದವು, ಕಡಲಕಾಗೆಗಳು ಮೊಟ್ಟೆ ಕದ್ದವು. ಎಷ್ಟೋ ವರ್ಷ ಅಲ್ಲಿ ಒಂದು ಮರಿಯೂ ಹುಟ್ಟಲಿಲ್ಲ.

ಅಲ್ಲಿ ‘ತೂರ್ ದು ವಲಾ’ ಎಂಬ ಸಂಶೋಧನಾ ಕೇಂದ್ರವಿದೆ. 1954ರಲ್ಲಿ ಅದನ್ನು ಆರಂಭಿಸಿದವರು ಸ್ವಿಟ್ಜರ್ಲೆಂಡಿನ ಲ್ಯುಕ್ ಹಾಫ್ಮನ್. ದೊಡ್ಡ ಔಷಧ ಕಂಪನಿಯ ಮನೆತನದವರು, ಮನಸ್ಸು ಮಾತ್ರ ಹಕ್ಕಿಯ ಮೇಲೆ. ಆ ಕೇಂದ್ರದವರು ಒಂದು ಸಾಹಸಕ್ಕೆ ಇಳಿದರು. ಉಪ್ಪಿನ ಕಂಪನಿಗೆ ಸೇರಿದ ಫಂಗಾಸಿಯೆ ಎಂಬ ಹಿನ್ನೀರಿನಲ್ಲಿ 1970ರಲ್ಲಿ ಬುಲ್ಡೋಜರ್ ತಂದು ಮಣ್ಣು ಒಟ್ಟಿ ಒಂದು ದ್ವೀಪ ಮಾಡಿದರು. ಹಕ್ಕಿಗಳು ಬರಲಿಲ್ಲ. ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಕಾದರು. ಕೊನೆಗೆ, ಖಾಲಿ ಸೈಟಿಗಿಂತ ಜನ ಇರುವ ಬೀದಿಯೇ ಇಷ್ಟವಾಗಬಹುದು ಎಂಬ ಲೆಕ್ಕದಲ್ಲಿ ಹಳೆಯ ಗೂಡುಗಳಂತೆ ಕಾಣುವ ನೂರಾರು ಮಣ್ಣಿನ ಗುಡ್ಡೆಗಳನ್ನು ಅದರ ಮೇಲೆ ಕಟ್ಟಿದರು. 1974ರಲ್ಲಿ ರಾಜಹಂಸಗಳು ಬಂದು ಇಳಿದವು! ಮುಂದೆ ಒಳ್ಳೆಯ ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜೋಡಿಗಳು ಅಲ್ಲಿ ಸಂಸಾರ ಹೂಡಿದವು.

1977ರಿಂದ ಮರಿಗಳ ಕಾಲಿಗೆ ಪ್ಲಾಸ್ಟಿಕ್ ಉಂಗುರ ತೊಡಿಸತೊಡಗಿದರು. ಬೇಸಗೆಯಲ್ಲಿ ಇನ್ನೂ ಹಾರಲಾರದ ಮರಿಗಳೆಲ್ಲ ಒಂದೇ ಗುಂಪಾಗಿ ತಿರುಗುತ್ತವೆ, ಬಾಲವಾಡಿ ಇದ್ದ ಹಾಗೆ. ಬೆಳಗಿನ ಜಾವ ನೂರಾರು ಜನ ನೀರಿಗೆ ಇಳಿದು, ಸದ್ದು ಮಾಡದೆ ಸುತ್ತುವರಿದು, ಅವುಗಳಲ್ಲಿ ಕೆಲವನ್ನು ದೊಡ್ಡಿಗೆ ಸೇರಿಸಿ, ಉಂಗುರ ಹಾಕಿ ಬಿಡುತ್ತಾರೆ. ಉಂಗುರದ ಅಕ್ಷರಗಳನ್ನು ದೂರದಿಂದ ದೂರದರ್ಶಕದಲ್ಲಿ ಓದಬಹುದು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ಇದು ತುಂಬ ಹಿಡಿಸಿತು. ಪ್ರತಿ ಹಕ್ಕಿಗೂ ಒಂದು ಖಾತೆ, ಕಂಡಾಗಲೆಲ್ಲ ಒಂದು ನಮೂದು. ಕಮಾರ್ಗ್‌ನಲ್ಲಿ ಹುಟ್ಟಿದ ಹಕ್ಕಿ ಸ್ಪೇನ್, ಇಟಲಿ, ತುನೀಶಿಯಾ, ಟರ್ಕಿಗಳಲ್ಲಿ ಕಂಡಿತು. ನಲವತ್ತು ವರ್ಷ ದಾಟಿದ ಹಕ್ಕಿಗಳೂ ಇವೆ ಎಂದು ತಿಳಿದದ್ದು ಹೀಗೆಯೇ. ಮೆಡಿಟರೇನಿಯನ್ ಸುತ್ತಲಿನ ಹಿನ್ನೀರುಗಳೆಲ್ಲ ಒಂದೇ ಮನೆಯ ಕೋಣೆಗಳು, ಒಂದನ್ನು ಒಣಗಿಸಿದರೆ ಇನ್ನೊಂದಕ್ಕೆ ಪೆಟ್ಟು ಎಂದೂ ಗೊತ್ತಾಯಿತು. ಜೌಗು ಪ್ರದೇಶಗಳನ್ನು ಉಳಿಸಲು ದೇಶದೇಶಗಳು ಸೇರಿ 1971ರಲ್ಲಿ ಇರಾನಿನ ರಾಮ್ಸರ್‌ನಲ್ಲಿ ಮಾಡಿದ ಒಪ್ಪಂದದ ಹಿಂದೆಯೂ ಹಾಫ್ಮನ್ ಇದ್ದರು. ನಮ್ಮ ರಂಗನತಿಟ್ಟು 2022ರಲ್ಲಿ ಆ ಪಟ್ಟಿಗೆ ಸೇರಿತು. ಅಲ್ಲಿಯ ನಡುಗಡ್ಡೆಗಳೂ ಹಿಂದೆ ಕಾವೇರಿಗೆ ಕಟ್ಟೆ ಕಟ್ಟಿದಾಗ ಉಂಟಾದವೇ.

ಆದರೆ ಕಮಾರ್ಗ್‌ನ ತೊಡಕು ಇಲ್ಲಿಂದಲೇ ಶುರು. ದ್ವೀಪದ ಸುತ್ತ ನೀರು ತಾನಾಗಿ ನಿಲ್ಲುತ್ತಿರಲಿಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಮುದ್ರದ ನೀರನ್ನು ಪಾತಿಯಿಂದ ಪಾತಿಗೆ ಹಾಯಿಸಿ, ಬಿಸಿಲಿಗೆ ಗಟ್ಟಿಯಾಗಿಸಿ ಉಪ್ಪು ತೆಗೆಯುತ್ತಾರೆ. ಕಮಾರ್ಗ್‌ನಲ್ಲಿ ಉಪ್ಪಿನ ಕಂಪನಿ ಪ್ರತಿ ವಸಂತದಲ್ಲೂ ಪಂಪು ಹಾಕಿ ನೀರು ತುಂಬಿಸುತ್ತಿತ್ತು. ಮೀನು ಬದುಕಲಾಗದಷ್ಟು ಉಪ್ಪಾದ ಪಾತಿಗಳಲ್ಲಿ ಸಿಗಡಿ ಬೆಳೆಯುತ್ತಿತ್ತು, ಹಕ್ಕಿಗೆ ಊಟ ಸಿಗುತ್ತಿತ್ತು. ಕಂಪನಿ ದುಡಿದದ್ದು ಉಪ್ಪಿಗಾಗಿ, ಆದರೆ ಕಾವಲು ಸಿಕ್ಕಿದ್ದು ಹಕ್ಕಿಗೆ.

ಲಾಭ ಕಡಿಮೆಯಾದಾಗ ಕಂಪನಿ ಆ ಭಾಗದ ಜಮೀನು ಮಾರಿತು. 2008ರಿಂದ ಫ್ರೆಂಚ್ ಸರ್ಕಾರದ ಕರಾವಳಿ ಸಂರಕ್ಷಣಾ ಸಂಸ್ಥೆ ಅದನ್ನು ಕೊಳ್ಳುತ್ತಾ ಬಂತು. ಒಳ್ಳೆಯ ಸುದ್ದಿಯೇ ಅನ್ನಿಸುತ್ತದೆ ಅಲ್ಲವೇ? ಆದರೆ ಪಂಪು ನಿಂತಿತು. ಸಮುದ್ರವನ್ನು ತಡೆದಿದ್ದ ಹಳೆಯ ಏರಿಗಳಲ್ಲಿ ಕೆಲವನ್ನು ಇನ್ನು ದುರಸ್ತಿ ಮಾಡುವುದು ಬೇಡ, ಅಲೆ ಒಳಗೆ ಬರಲಿ, ನೆಲ ತನ್ನ ಹಿಂದಿನ ರೂಪಕ್ಕೆ ಮರಳಲಿ ಎಂದು ತೀರ್ಮಾನಿಸಿದರು. ಸಮುದ್ರದ ಮಟ್ಟ ಏರುತ್ತಿರುವಾಗ ಏರಿಗೆ ಮಣ್ಣು ಹೊರುತ್ತಲೇ ಇರುವುದು ಎಷ್ಟು ದಿನ ಎಂಬುದು ಅವರ ವಾದ. ಉಪ್ಪಿನ ಕೆಲಸಗಾರರಿಗೆಂದೇ ಕಟ್ಟಿದ ಸಲ್ಯಾಂ ದ ಜಿರೋ ಎಂಬ ಹಳ್ಳಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ತಾತ ಮುತ್ತಾತಂದಿರು ಬೆವರು ಸುರಿಸಿದ ಏರಿಗಳು ಅವು. ನನಗೆ ಇಬ್ಬರ ಮಾತಿನಲ್ಲೂ ಹುರುಳಿದೆ ಎನ್ನಿಸುತ್ತದೆ. ಆದರೂ ಕಡಲು ಕೇಳಿದ್ದನ್ನು ಕೊಡುವುದೇ ಅಗ್ಗದ ದಾರಿ ಎಂದು ಮನಸ್ಸು ವಾಲುತ್ತದೆ. ಹಾಗೆ ಬಿಟ್ಟ ಕಡೆ ಈಗ ಸಾಲಿಕೋರ್ನಿಯಾ ಮತ್ತೆ ಚಿಗುರಿದೆ.

ರಾಜಹಂಸಗಳು ಮಾತ್ರ ಸಭೆ ಸೇರಿ ಚರ್ಚಿಸಲಿಲ್ಲ. ಫಂಗಾಸಿಯೆಯಲ್ಲಿ ನೀರು ಇಳಿದು ನರಿ ನಡೆದು ಬರುವಂತಾದಾಗ ಅವು ಜಾಗ ಬದಲಿಸಿ, ಪಶ್ಚಿಮಕ್ಕಿರುವ ಏಗ್ ಮೋರ್ತ್ ಎಂಬ ಕೋಟೆಯೂರಿನ ಉಪ್ಪಿನ ಆಗರಗಳಲ್ಲಿ ಗೂಡು ಕಟ್ಟಿದವು. ಅಲ್ಲಿ ಉಪ್ಪು ತೆಗೆಯುವುದು ಇನ್ನೂ ನಡೆದಿದೆ. ಪ್ರತಿ ವಸಂತದಲ್ಲೂ ಪಂಪು ಓಡುತ್ತದೆ, ಪಾತಿ ತುಂಬುತ್ತದೆ, ಹಕ್ಕಿ ಬಂದು ಇಳಿಯುತ್ತದೆ.