ಬಾಲಿಕೆಯರ ಕಾಲ್ಚೆಂಡಾಟ: ಆತಿಥ್ಯವೂ ಅರ್ಹತೆಯೂ

ಹದಿನೇಳು ವರ್ಷದೊಳಗಿನ ಬಾಲಿಕೆಯರ ವಿಶ್ವ ಕಾಲ್ಚೆಂಡು ಪಂದ್ಯಾವಳಿಯು ೨೦೦೮ರಲ್ಲಿ ನ್ಯೂಜಿಲೆಂಡಿನಲ್ಲಿ ಆರಂಭವಾದಂದಿನಿಂದ ಎರಡು ವರ್ಷಗಳಿಗೊಮ್ಮೆ ನಡೆಯತಕ್ಕ ಪದ್ಧತಿಯಿತ್ತು. ಅಂತರರಾಷ್ಟ್ರೀಯ ಕಾಲ್ಚೆಂಡು ಸಂಸ್ಥೆಯಾದ ಫಿಫಾ ೨೦೨೫ರಿಂದ ಇದನ್ನು ವಾರ್ಷಿಕ ಪಂದ್ಯಾವಳಿಯನ್ನಾಗಿ ಮಾಡಿ, ಭಾಗವಹಿಸುವ ರಾಷ್ಟ್ರಗಳ ಸಂಖ್ಯೆಯನ್ನು ೧೬ರಿಂದ ೨೪ಕ್ಕೆ ಏರಿಸಿ, ೨೦೨೯ರ ವರೆಗಿನ ಐದು ಪಂದ್ಯಾವಳಿಗಳ ಆತಿಥ್ಯವನ್ನು ಮೊರಾಕೋ ದೇಶಕ್ಕೆ ಒಪ್ಪಿಸಿದೆ. ಇದರಿಂದ ನಮ್ಮ ಬಾಲಿಕೆಯರಿಗೆ ಒದಗಿರುವ ಅವಕಾಶವು ಅಲ್ಪವಾದುದಲ್ಲ. ಆದರೆ ಅದು ಕೈಗೂಡಬೇಕಾದರೆ, ೨೦೨೨ರಲ್ಲಿ ಇದೇ ಪಂದ್ಯಾವಳಿಯು ಭಾರತದಲ್ಲಿಯೇ ನಡೆದಾಗ ನಾವು ಕಂಡುದೇನೆಂಬುದನ್ನು ದಾಕ್ಷಿಣ್ಯವಿಲ್ಲದೆ ವಿವೇಚಿಸತಕ್ಕದ್ದು ಅವಶ್ಯವಾಗಿದೆ.

ಆ ಪಂದ್ಯಾವಳಿಯು ಮೊದಲು ೨೦೨೦ರಲ್ಲಿ ನಡೆಯತಕ್ಕದ್ದಾಗಿದ್ದು, ಕೊರೋನಾ ಮಹಾಮಾರಿಯ ನಿಮಿತ್ತ ಮುಂದೆ ಹೋಗಿ, ಆ ಬಳಿಕ ರದ್ದಾಗಿ, ಕೊನೆಗೆ ೨೦೨೨ರ ಅಕ್ಟೋಬರ್ ೧೧ರಿಂದ ೩೦ರ ವರೆಗೆ ಭುವನೇಶ್ವರ, ಮಡಗಾಂವ್ ಮತ್ತು ನವಿ ಮುಂಬಯಿಗಳಲ್ಲಿ ಜರುಗಿತು. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ನಮ್ಮ ಬಾಲಿಕೆಯರು ಅಮೆರಿಕೆಯೊಡನೆ ೮ ಗೋಲುಗಳಿಂದಲೂ, ಮೊರಾಕೋದೊಡನೆ ೩ ಗೋಲುಗಳಿಂದಲೂ, ಬ್ರೆಜಿಲಿನೊಡನೆ ೫ ಗೋಲುಗಳಿಂದಲೂ ಸೋತರು. ಒಟ್ಟು ೧೬ ಗೋಲುಗಳು ನಮ್ಮ ಮೇಲೆ ಬಿದ್ದವು. ನಾವು ಹೊಡೆದುದು ಒಂದೂ ಇಲ್ಲ. ನವಿ ಮುಂಬಯಿಯ ಅಂತಿಮ ಪಂದ್ಯದಲ್ಲಿ ಸ್ಪೇನ್ ದೇಶವು ಕೊಲಂಬಿಯಾವನ್ನು ಒಂದು ಗೋಲಿನಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ಏರ್ಪಾಡುಗಳು ಅಚ್ಚುಕಟ್ಟಾಗಿದ್ದುವೆಂಬ ಮೆಚ್ಚಿಗೆಯೊಂದೇ ನಮ್ಮ ಪಾಲಿಗೆ ಉಳಿದುದು. ಮದುವೆಯ ಚಪ್ಪರವನ್ನು ನಾವು ಚೆನ್ನಾಗಿಯೇ ಹಾಕಿದ್ದೆವು. ಹಸೆಯ ಮೇಲೆ ಕುಳಿತವರು ಮಾತ್ರ ಬೇರೆಯವರು.

ಈ ಸೋಲು ಯಾರದು? ಆಡಿದ ಹುಡುಗಿಯರದೆಂದು ಹೇಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ಆತಿಥೇಯ ರಾಷ್ಟ್ರವೆಂಬ ಕಾರಣದಿಂದ ಭಾರತಕ್ಕೆ ಅರ್ಹತಾ ಪಂದ್ಯಗಳಿಲ್ಲದೆಯೇ ಸ್ಥಾನವು ದೊರಕಿತ್ತು. ಮೊರಾಕೋಗೂ ಅದು ಮೊದಲನೆಯ ವಿಶ್ವ ಪಂದ್ಯಾವಳಿಯೇ; ಆದರೆ ಆ ದೇಶದ ಬಾಲಿಕೆಯರು ಆಫ್ರಿಕಾ ಖಂಡದ ಅರ್ಹತಾ ಪಂದ್ಯಗಳಲ್ಲಿ ಸೆಣಸಿ ಗೆದ್ದು ಬಂದಿದ್ದರು. ನಮ್ಮವರನ್ನು ಜಮ್‌ಷೆಡ್‌ಪುರದ ಶಿಬಿರದಲ್ಲಿ ಕೆಲವು ತಿಂಗಳು ಇರಿಸಿ, ಯುರೋಪಿಗೆ ಕರೆದೊಯ್ದು ಆಡಿಸಿದುದು ನಿಜ. ಶಿಬಿರದಿಂದ ದೇಹವು ಗಟ್ಟಿಯಾಗಬಹುದು. ಆದರೆ ಎದುರಾಳಿಯ ಮನಸ್ಸನ್ನು ಓದುವ ಬುದ್ಧಿ, ಹಿಂದೆ ಬಿದ್ದಾಗ ಎದೆಗುಂದದ ಧೈರ್ಯ, ಇವು ಹತ್ತು ಹನ್ನೆರಡನೆಯ ವಯಸ್ಸಿನಿಂದ ವಾರವಾರವೂ ಪಂದ್ಯಗಳನ್ನಾಡಿದವರಿಗೆ ಮಾತ್ರ ಬರತಕ್ಕವು. ಯುದ್ಧಕಾಲೇ ಶಸ್ತ್ರಾಭ್ಯಾಸವೆಂಬ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಿಲ್ಲ.

ಹಿರಿಯರ ನಡವಳಿಕೆಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಅಖಿಲ ಭಾರತ ಕಾಲ್ಚೆಂಡು ಒಕ್ಕೂಟದಲ್ಲಿ ೨೦೨೦ರ ಡಿಸೆಂಬರಿನಲ್ಲಿ ನಡೆಯಬೇಕಾಗಿದ್ದ ಚುನಾವಣೆಯು ನಡೆಯಲೇ ಇಲ್ಲ. ೨೦೨೨ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಮೂವರ ಆಡಳಿತ ಸಮಿತಿಯನ್ನು ನೇಮಿಸಬೇಕಾಯಿತು. ಹೊರಗಿನವರ ಹಸ್ತಕ್ಷೇಪವಾಯಿತೆಂದು ಫಿಫಾ ಸಂಸ್ಥೆಯು ಆಗಸ್ಟ್ ಮಧ್ಯದಲ್ಲಿ ಒಕ್ಕೂಟವನ್ನು ಅಮಾನತ್ತಿನಲ್ಲಿಟ್ಟಿತು. ಪಂದ್ಯಾವಳಿಯು ಎರಡು ತಿಂಗಳೂ ಇಲ್ಲದಿದ್ದಾಗ ಅದು ನಮ್ಮ ಕೈತಪ್ಪುವ ಸ್ಥಿತಿಗೆ ಬಂದಿತು. ಆಗಸ್ಟ್ ೨೬ರಂದು ಆಜ್ಞೆಯು ತೆರವಾದುದರಿಂದ ಮಾನವು ಉಳಿಯಿತು. ಇದಕ್ಕೂ ಮುಂಚೆ, ಯುರೋಪಿನ ಪ್ರವಾಸದಲ್ಲಿದ್ದ ಇದೇ ತಂಡದ ಸಹಾಯಕ ಶಿಕ್ಷಕನೊಬ್ಬನನ್ನು ದುರ್ನಡತೆಯ ಆರೋಪದ ಮೇಲೆ ಕೆಲಸದಿಂದ ತೆಗೆಯಬೇಕಾಗಿ ಬಂದಿತ್ತು. ಕುರ್ಚಿಗಾಗಿ ಹಿರಿಯರು ಕಾದಾಡುತ್ತಿರುವಾಗ ಮಕ್ಕಳ ಕ್ಷೇಮವನ್ನು ನೋಡುವವರು ಯಾರು? ತನ್ನ ಮಗಳನ್ನು ದೂರದ ಶಿಬಿರಕ್ಕೆ ಕಳುಹಿಸಲು ಹಳ್ಳಿಯ ತಾಯಿಯೊಬ್ಬಳು ಹಿಂಜರಿದರೆ ಆಕೆಯನ್ನು ಅಜ್ಞಾನಿಯೆಂದು ಜರೆಯುವ ಅಧಿಕಾರವು ನಮಗುಂಟೆ?

ಆ ತಂಡದ ನಾಯಕಿ ಅಷ್ಟಮ್ ಓರಾಂವ್ ಝಾರ್ಖಂಡದ ಗುಮ್ಲಾ ಜಿಲ್ಲೆಯವಳು. ಆಕೆಯ ಗೌರವಾರ್ಥವಾಗಿ ಸರಕಾರವು ಅವಳ ಊರಿಗೆ ರಸ್ತೆಯನ್ನು ಹಾಕಿಸತೊಡಗಿದಾಗ, ಅದೇ ರಸ್ತೆಯಲ್ಲಿ ಆಕೆಯ ತಂದೆತಾಯಿಗಳು ದಿನಗೂಲಿಗೆ ದುಡಿಯುತ್ತಿದ್ದರೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಕೂಲಿಯು ಅವಮಾನದ ಕೆಲಸವೆಂದು ನಾವು ಹೇಳುವುದಿಲ್ಲ. ಮಗಳು ರಾಷ್ಟ್ರದ ಬಾವುಟದ ಹಿಂದೆ ನಡೆಯುವ ವರೆಗೆ ಆ ಊರಿಗೆ ರಸ್ತೆಯ ಯೋಗವು ಬರಲಿಲ್ಲವೆಂಬುದೇ ಅವಮಾನ. ನಮ್ಮ ದೇಶದ ಕಾಲ್ಚೆಂಡಾಟವನ್ನು ಹೊತ್ತಿರುವವರು ಇಂಥ ಬಡವರ ಮಕ್ಕಳೆಂಬುದನ್ನು ಪಟ್ಟಣಿಗರಾದ ನಾವು ಮರೆಯಲಾಗದು.

ಬಡತನವೇ ಸೋಲಿಗೆ ಕಾರಣವೆಂದು ಕೆಲವರು ವಾದಿಸಬಹುದು. ಆದರೆ ಈ ಪಂದ್ಯಾವಳಿಯನ್ನು ೨೦೦೮, ೨೦೧೬, ೨೦೨೪ ಮತ್ತು ೨೦೨೫ರಲ್ಲಿ, ಹೀಗೆ ನಾಲ್ಕು ಸಲ ಗೆದ್ದುದು ಉತ್ತರ ಕೊರಿಯಾ. ಅದು ಧನಿಕ ದೇಶವಲ್ಲ. ಅಲ್ಲಿಯ ರಾಜ್ಯಪದ್ಧತಿಯು ನಮಗೆ ಆದರ್ಶವಲ್ಲದಿದ್ದರೂ, ಎಳೆಯ ವಯಸ್ಸಿನಲ್ಲಿಯೇ ಆರಿಸಿ ವರ್ಷಗಟ್ಟಲೆ ಕಲಿಸುವುದರ ಫಲವು ಎದುರಿಗಿದೆ. ಸ್ಪೇನ್ ದೇಶದ ಸಾಲ್ಮಾ ಪಾರಾಲುಯೆಲೋ ೨೦೧೮ರಲ್ಲಿ ಹದಿನೇಳರೊಳಗಿನವರ, ೨೦೨೨ರಲ್ಲಿ ಇಪ್ಪತ್ತರೊಳಗಿನವರ, ೨೦೨೩ರಲ್ಲಿ ಹಿರಿಯರ ವಿಶ್ವ ಪ್ರಶಸ್ತಿಗಳನ್ನು ಕ್ರಮವಾಗಿ ಪಡೆದಳು. ಬಾಲಿಕೆಯರ ಪಂದ್ಯಾವಳಿಯು ಬರಿಯ ಉತ್ಸವವಲ್ಲ, ಅದು ಸಸಿಮಡಿಯೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಹೆಣ್ಣುಮಕ್ಕಳಿಗೆ ಈ ಆಟವು ಸಲ್ಲದೆನ್ನುವವರು ಇಂಗ್ಲೆಂಡಿನ ಕಥೆಯನ್ನು ಕೇಳಬೇಕು. ಅಲ್ಲಿಯ ಕಾಲ್ಚೆಂಡು ಸಂಘವು ೧೯೨೧ರಲ್ಲಿ ಇದೇ ಮಾತನ್ನು ಹೇಳಿ ತನ್ನ ಕ್ಲಬ್ಬುಗಳ ಮೈದಾನಗಳನ್ನು ಸ್ತ್ರೀಯರಿಗೆ ಮುಚ್ಚಿ, ಸುಮಾರು ಐವತ್ತು ವರ್ಷಗಳ ತರುವಾಯ ತೆರೆಯಿತು. ಅದೇ ದೇಶದ ಸ್ತ್ರೀಯರು ೨೦೨೨ರಲ್ಲಿಯೂ ೨೦೨೫ರಲ್ಲಿಯೂ ಯುರೋಪಿನ ಪ್ರಶಸ್ತಿಯನ್ನು ತಂದುಕೊಟ್ಟರು. ನಮ್ಮ ಸ್ತ್ರೀಯರೂ ೧೯೮೦ರಲ್ಲಿ ಕಲ್ಲಿಕೋಟೆಯಲ್ಲಿಯೂ ೧೯೮೩ರಲ್ಲಿ ಥಾಯ್ಲೆಂಡಿನಲ್ಲಿಯೂ ನಡೆದ ಏಷ್ಯಾ ಪಂದ್ಯಾವಳಿಗಳಲ್ಲಿ ಎರಡನೆಯ ಸ್ಥಾನವನ್ನು ಪಡೆದವರೇ. ಕಳೆದುಕೊಂಡುದು ಶಕ್ತಿಯನ್ನಲ್ಲ, ಪೋಷಣೆಯನ್ನು.

ಪೋಷಣೆಯು ಸ್ವಲ್ಪ ದೊರೆತರೂ ಏನಾಗಬಲ್ಲುದೆಂಬುದನ್ನು ೨೦೨೫ನೆಯ ವರ್ಷವು ತೋರಿಸಿಕೊಟ್ಟಿತು. ಜುಲೈ ತಿಂಗಳಿನಲ್ಲಿ ಹಿರಿಯರ ತಂಡವು ಥಾಯ್ಲೆಂಡನ್ನು ಅದರ ನೆಲದಲ್ಲಿಯೇ ಸೋಲಿಸಿ ಏಷ್ಯಾ ಪಂದ್ಯಾವಳಿಗೆ ಅರ್ಹತೆಯನ್ನು ಪಡೆಯಿತು. ಆಗಸ್ಟಿನಲ್ಲಿ ಇಪ್ಪತ್ತರೊಳಗಿನ ತಂಡವು ಮ್ಯಾನ್ಮಾರನ್ನು ಗೆದ್ದು ಅದೇ ಹಾದಿಯನ್ನು ಹಿಡಿಯಿತು. ಅಕ್ಟೋಬರಿನಲ್ಲಿ ಕಿರ್ಗಿಜ್ ದೇಶದ ಬಿಷ್ಕೆಕ್ ನಗರದಲ್ಲಿ ಹದಿನೇಳರೊಳಗಿನ ಬಾಲಿಕೆಯರು ಉಜ್ಬೆಕಿಸ್ತಾನದೊಡನೆ ಮೊದಲು ಒಂದು ಗೋಲಿನಿಂದ ಹಿಂದಿದ್ದು, ಬಳಿಕ ಎರಡು ಗೋಲುಗಳನ್ನು ಹೊಡೆದು ಗೆದ್ದು, ೨೦೨೬ರ ಏಷ್ಯಾ ಪಂದ್ಯಾವಳಿಯಲ್ಲಿ ಸ್ಥಾನವನ್ನು ಸಂಪಾದಿಸಿದರು. ಅರ್ಹತಾ ಪಂದ್ಯಗಳ ಮೂಲಕ ಈ ವಯಸ್ಸಿನವರಿಗೆ ಅದು ದೊರೆತುದು ಅದೇ ಮೊದಲು. ಭುವನೇಶ್ವರದಲ್ಲಿ ಸ್ಥಾನವನ್ನು ದಾನವಾಗಿ ಪಡೆದಿದ್ದೆವು. ಬಿಷ್ಕೆಕ್‌ನಲ್ಲಿ ದುಡಿದು ಪಡೆದೆವು. ಈ ಎರಡನೆಯದೇ ರಾಷ್ಟ್ರಕ್ಕೆ ಶೋಭೆಯಾದುದೆಂದು ನಮ್ಮ ಅಭಿಪ್ರಾಯ.

ಆದುದರಿಂದ ನಾವು ಸೂಚಿಸಬಯಸುವುದು ಸರಳವಾಗಿದೆ. ಜಿಲ್ಲೆ ಜಿಲ್ಲೆಯಲ್ಲಿಯೂ ಹನ್ನೆರಡು, ಹದಿನಾಲ್ಕು, ಹದಿನೇಳು ವಯಸ್ಸಿನೊಳಗಿನ ಬಾಲಿಕೆಯರಿಗೆ ವರ್ಷದುದ್ದಕ್ಕೂ ಪಂದ್ಯಗಳು ನಡೆಯಲಿ. ಪ್ರೌಢಶಾಲೆಗಳ ಮೈದಾನಗಳು ಸಂಜೆಯ ಹೊತ್ತು ಹುಡುಗಿಯರಿಗೂ ತೆರೆದಿರಲಿ. ಸ್ತ್ರೀ ಶಿಕ್ಷಕಿಯರನ್ನು ತರಬೇತು ಮಾಡಿ ಸಂಬಳ ಕೊಟ್ಟು ನೇಮಿಸಲಿ; ಬಾಲಿಕೆಯರ ಯಾವ ಶಿಬಿರವೂ ಜವಾಬ್ದಾರಿಯುಳ್ಳ ಸ್ತ್ರೀ ಅಧಿಕಾರಿಯಿಲ್ಲದೆ ನಡೆಯದಿರಲಿ. ಇವುಗಳಿಗೆ ತಗಲುವ ವೆಚ್ಚವು ದೊಡ್ಡ ಕ್ರೀಡಾಂಗಣವೊಂದರ ವೆಚ್ಚದ ಮುಂದೆ ಹೆಚ್ಚಿನದಲ್ಲ. ಈ ಕೆಲಸಗಳ ಕಾಗದಪತ್ರಗಳು ಯಾವ ಅಧಿಕಾರಿಗಳ ಮೇಜಿಗೆ ಬರುವವೋ ಅವರಲ್ಲಿ ಅನೇಕರು ನಮ್ಮ ವಾಚಕರೇ ಆಗಿದ್ದಾರೆ. ಮೈದಾನವನ್ನು ಹುಡುಗಿಯರಿಗೆ ಬಿಟ್ಟುಕೊಡಬೇಕೆಂಬ ಮನವಿಯು ಬಂದಾಗ ಅದನ್ನು ಮುಂದಿನ ವರ್ಷಕ್ಕೆ ತಳ್ಳದಿರಲೆಂದು ಪ್ರಾರ್ಥಿಸುತ್ತೇವೆ. ಹದಿನಾಲ್ಕರ ಬಾಲಿಕೆಯು ಮೂರು ವರ್ಷ ಕಾದರೆ ಆ ಪಂದ್ಯಾವಳಿಯ ಬಾಗಿಲು ಅವಳಿಗೆ ಎಂದೆಂದಿಗೂ ಮುಚ್ಚಿದಂತೆಯೇ ಸರಿ.