ಅಕ್ಕಲಕೋಟೆಯ ಕನ್ನಡ ಶಾಲೆ ಗಡಿ ತೀರ್ಪಿಗೆ ಕಾಯಬೇಕಿಲ್ಲ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಯಾರದು ಎಂಬ ಜಗಳಕ್ಕೆ ಅರ್ಧ ಶತಮಾನ ದಾಟಿದೆ. 1967ರಲ್ಲಿ ಮಹಾಜನ್ ಆಯೋಗ ಅಕ್ಕಲಕೋಟೆಯ ಭಾಗವೂ ಸೇರಿದಂತೆ 247 ಊರುಗಳನ್ನು ಕರ್ನಾಟಕಕ್ಕೂ, ನಿಪ್ಪಾಣಿ ಕಡೆಯವೂ ಸೇರಿದಂತೆ 264 ಊರುಗಳನ್ನು ಮಹಾರಾಷ್ಟ್ರಕ್ಕೂ ಕೊಡಬೇಕೆಂದು ಶಿಫಾರಸು ಮಾಡಿತು. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ತಿರಸ್ಕರಿಸಿತು. ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯಗಳ ಗಡಿ ಬದಲಿಸುವ ಅಧಿಕಾರ ಇರುವುದು ಸಂಸತ್ತಿಗೆ; ಶಾಸನಸಭೆಗಳ ಅಭಿಪ್ರಾಯ ಕೇಳಬೇಕು, ಅದರಂತೆಯೇ ನಡೆಯಬೇಕೆಂದಿಲ್ಲ. ಆ ಸಂಸತ್ತು ಸುಮ್ಮನಿದ್ದುಬಿಟ್ಟಿತು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2022ರ ಡಿಸೆಂಬರಿನಲ್ಲಿ ಎರಡೂ ಶಾಸನಸಭೆಗಳು ಪರಸ್ಪರ ವಿರುದ್ಧ ನಿರ್ಣಯ ಅಂಗೀಕರಿಸಿದವು. ಮಹಾರಾಷ್ಟ್ರದ ನಿರ್ಣಯ 865 ಊರುಗಳ ಮೇಲೆ ಹಕ್ಕು ಸಾಧಿಸಿತು. ಈ ನಿರ್ಣಯಗಳಿಂದ ಗಡಿ ಒಂದು ಗೇಣೂ ಸರಿಯಲಿಲ್ಲ.

ಅದೇ ಚಳಿಗಾಲದಲ್ಲಿ ಅಕ್ಕಲಕೋಟೆ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ನಿರ್ಣಯಿಸಿದಾಗ ಮುಂದಿಟ್ಟ ದೂರುಗಳೇನು? ರಸ್ತೆ, ನೀರು, ಮೂಲಸೌಕರ್ಯ. ಇವನ್ನು ಒದಗಿಸಲು ಯಾರೂ ಗಡಿ ತೀರ್ಪಿಗೆ ಕಾಯಬೇಕಿಲ್ಲ. ಕನ್ನಡ ಶಿಕ್ಷಣದ ಮಾತೂ ಇದೇ. 1956ರ ಏಳನೇ ತಿದ್ದುಪಡಿ ತಂದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸುವ ಹೊಣೆಯನ್ನು ರಾಜ್ಯದ ಮೇಲಷ್ಟೇ ಅಲ್ಲ, ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಮೇಲೂ ಹೊರಿಸಿದೆ. ಅಂದರೆ ಸೊಲ್ಲಾಪುರ ಜಿಲ್ಲಾ ಪರಿಷತ್ತಿಗೂ ಈ ಹೊಣೆ ಇದೆ. ಅಗತ್ಯ ಬಿದ್ದರೆ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ಕೊಡಬಹುದು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕುತ್ತಿರುವುದು ಮೆಚ್ಚತಕ್ಕದ್ದು. ಆದರೆ ಪುಸ್ತಕವಿದ್ದು ಪಾಠ ಹೇಳುವವರಿಲ್ಲದಿದ್ದರೆ ಶಾಲೆ ಉಳಿಯದು. ಕನ್ನಡ ಶಿಕ್ಷಕರು ನಿವೃತ್ತರಾದ ಜಾಗಕ್ಕೆ ಕನ್ನಡ ಬಲ್ಲವರೇ ಬರಬೇಕು.

ರಾಷ್ಟ್ರಪತಿಗಳ ಮೂಲಕ ಕೇಂದ್ರ ಹೀಗೆ ನಿರ್ದೇಶನ ಕೊಟ್ಟರೆ ರಾಜ್ಯದ ಸ್ವಾಯತ್ತತೆಗೆ ಧಕ್ಕೆಯಲ್ಲವೇ ಎಂದು ಕೇಳುವವರಿದ್ದಾರೆ. ಆತಂಕ ಸಹಜ, 1976ರಲ್ಲಿ ಶಿಕ್ಷಣವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಒಯ್ದ ಮೇಲೆ ರಾಜ್ಯಗಳು ಕೇಂದ್ರವನ್ನು ಅನುಮಾನದಿಂದ ನೋಡುವುದಕ್ಕೆ ಕಾರಣಗಳಿವೆ. 2025ರಲ್ಲಿ ಒಂದನೇ ತರಗತಿಯಿಂದಲೇ ಹಿಂದಿ ಕಲಿಸುವ ಮಹಾರಾಷ್ಟ್ರ ಸರ್ಕಾರದ ಆದೇಶವನ್ನು ಮರಾಠಿಗರು ಪ್ರತಿಭಟಿಸಿ ಹಿಂತೆಗೆಸಿದ್ದು ನ್ಯಾಯವೇ ಆಗಿತ್ತು. ಎಳೆಯ ಮಕ್ಕಳ ಮೇಲೆ ಬೇರೆ ನುಡಿ ಹೇರಬಾರದೆಂಬ ಆ ನ್ಯಾಯ ಮುಂಬಯಿಗೆ ಸಲ್ಲುವುದಾದರೆ ಅಕ್ಕಲಕೋಟೆಗೂ ಸಲ್ಲಬೇಕು. ದಿಲ್ಲಿಯ ಎದುರು ರಾಜ್ಯ ಕೇಳುವ ಹಕ್ಕನ್ನು ರಾಜ್ಯದ ಎದುರು ತಾಲ್ಲೂಕು ಕೇಳಿದಾಗ ದ್ರೋಹವೆನ್ನುವುದು ಒಕ್ಕೂಟ ತತ್ವವಲ್ಲ. ಬೆಳಗಾವಿಯ ಮರಾಠಿ ಮಕ್ಕಳ ವಿಷಯದಲ್ಲಿ ಕರ್ನಾಟಕವೂ ಇದೇ ಮಾತಿಗೆ ಬದ್ಧವಾಗಿರಬೇಕು.

ಶಾಲೆ, ರಸ್ತೆ ಎಂದು ರಾಜಿಯಾದರೆ ಮಹಾಜನ್ ವರದಿಯನ್ನು ಕೈಬಿಟ್ಟಂತೆ ಎಂಬುದು ಕನ್ನಡಿಗರಲ್ಲೇ ಕೆಲವರ ವಾದ. ಅದು ಸರಿಯಲ್ಲ. ವರದಿಯ ಪರ ವಾದ ನಡೆಯುತ್ತಲೇ ಇರಲಿ. ಆದರೆ ಕನ್ನಡ ಓದಲು ಬರೆಯಲು ಬಾರದ ಎರಡು ತಲೆಮಾರು ಬೆಳೆದ ಮೇಲೆ ಬರುವ ತೀರ್ಪು ಯಾರಿಗೆ ಬೇಕು? ಸಿದ್ಧರಾಮೇಶ್ವರರ ಸೊಲ್ಲಾಪುರ, 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ಸೊಲ್ಲಾಪುರ, ಕನ್ನಡದ ನೆಲೆಯಾಗಿ ಉಳಿಯುವುದು ಅಲ್ಲಿನ ತರಗತಿಗಳಲ್ಲಿ. ಹಾಗಾಗಿ ಕೇಂದ್ರ 350ಎ ವಿಧಿಯಡಿ ಎರಡೂ ರಾಜ್ಯಗಳಿಗೆ ಸಮಾನ ನಿರ್ದೇಶನ ಕೊಡಲಿ, ಜಿಲ್ಲಾ ಪರಿಷತ್ತು ಕನ್ನಡ ಶಿಕ್ಷಕರ ಹುದ್ದೆಗಳನ್ನು ಈ ವರ್ಷವೇ ತುಂಬಲಿ. ಅಧಿಕಾರ ಇದ್ದೂ ಬಳಸದಿದ್ದರೆ ಆ ತಪ್ಪಿಗೆ ಗಡಿ ವಿವಾದ ನೆಪವಾಗಲಾರದು.