ಹಳೆಯ ರೇಡಿಯೋವಿಗೆ ಹೊಸ ಅಂಕಿಗಳು

ಕೆಂಗೇರಿ ಉಪನಗರದ ಒಂದು ಮನೆಯ ಅಟ್ಟದಿಂದ ಅಜ್ಜನ ಕಾಲದ ವಾಲ್ವ್ ರೇಡಿಯೋ ಗ್ರಾಹಕವೊಂದು ಕೆಳಗಿಳಿಯಿತೆನ್ನಿ. ವಿಜ್ಞಾನದಲ್ಲಿ ಒಲವುಳ್ಳ ಮೊಮ್ಮಗನು ಅದಕ್ಕೆ, ಆವೃತ್ತಿಯನ್ನು ಅಂಕಿಗಳಲ್ಲಿ ತೋರಿಸುವ ಮಾಪಕವನ್ನು ಜೋಡಿಸಲು ಬಯಸುವುದು ಸಹಜ. ಜೋಡಿಸಲಿ, ಹಳೆಯದನ್ನು ಮುಟ್ಟಲೇಬಾರದೆನ್ನುವವರ ವಾದ ನನಗೆ ಒಪ್ಪಿಗೆಯಿಲ್ಲ. ಆದರೆ ಅದಕ್ಕಾಗಿ ಗ್ರಾಹಕದ ಮುಖಫಲಕವನ್ನು ಕೊರೆಯಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಾಪಕದ ಅಗತ್ಯವನ್ನು ಲೆಕ್ಕವೇ ಹೇಳುತ್ತದೆ. ನಮ್ಮ ದೇಶದ ಹವ್ಯಾಸಿಗಳ 40 ಮೀಟರ್ ಪಟ್ಟಿಯು 7,000ದಿಂದ 7,200 ಕಿಲೋಹರ್ಟ್ಸ್‌ವರೆಗಿನದು. 20 ಸೆಂಟಿಮೀಟರ್ ಉದ್ದದ ಡಯಲಿನಲ್ಲಿ 5ರಿಂದ 15 ಮೆಗಾಹರ್ಟ್ಸ್‌ವರೆಗಿನ ವ್ಯಾಪ್ತಿಯನ್ನು ಸಮನಾಗಿ ಹಂಚಿದರೆ ಈ ಪಟ್ಟಿಗೆ ಸಿಗುವ ಸ್ಥಳ 4 ಮಿಲಿಮೀಟರ್. ಒಬ್ಬನ ಮಾತು ಆಕ್ರಮಿಸುವ ಸುಮಾರು 3 ಕಿಲೋಹರ್ಟ್ಸ್‌ಗೆ ಅಲ್ಲಿ ತಲೆಗೂದಲಿನಷ್ಟೇ ಅಗಲ! ಮುಳ್ಳೇ ಅದಕ್ಕಿಂತ ಎಷ್ಟೋ ದಪ್ಪವಾಗಿರುವಾಗ, 7,095ರಲ್ಲಿ ಕಾಯುವೆನೆಂದ ಮಿತ್ರನನ್ನು ಹುಡುಕುವ ಬಗೆ ಹೇಗೆ?

ಇಂತಹ ಗ್ರಾಹಕಗಳಲ್ಲಿ ಬಹುಪಾಲು ಸೂಪರ್‌ಹೆಟರೊಡೈನ್ ಜಾತಿಯವು. ಅವುಗಳೊಳಗಿನ ಆಂದೋಲಕವು ನಾವು ಕೇಳುವ ಆವೃತ್ತಿಗಿಂತ ಸಾಮಾನ್ಯವಾಗಿ 455 ಕಿಲೋಹರ್ಟ್ಸ್ ಮೇಲೆ ಕಂಪಿಸುತ್ತದೆ. ಈ ಅಂತರಕ್ಕೆ ಮಧ್ಯಂತರ ಆವೃತ್ತಿಯೆಂದು ಹೆಸರು. 7,100ನ್ನು ಕೇಳುವಾಗ ಆಂದೋಲಕವು 7,555ರಲ್ಲಿರುತ್ತದೆ. ಮಾಪಕವು ಸೆಕೆಂಡಿನ ಹತ್ತನೆಯ ಒಂದಂಶದಲ್ಲಿ 7,55,500 ಕಂಪನಗಳನ್ನೆಣಿಸಿ, 45,500ನ್ನು ಕಳೆದು, 7100.00 ಎಂದು ತೋರಿಸುತ್ತದೆ.

ಎಂದರೆ ಅದು ಅಳೆಯುವುದು ನಿಲಯವನ್ನಲ್ಲ, ಆಂದೋಲಕವನ್ನು. ವಯಸ್ಸಿನಿಂದ ಮಧ್ಯಂತರ ಆವೃತ್ತಿಯು 452ಕ್ಕೆ ಸರಿದಿದ್ದರೆ ಬೆಳಗುವ ಅಂಕಿಗಳು 3 ಕಿಲೋಹರ್ಟ್ಸ್‌ನಷ್ಟು ಸುಳ್ಳು ನುಡಿಯುತ್ತವೆ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗದ ಆವೃತ್ತಿ 612. ಅದಕ್ಕೆ ಹೊಂದಿಸಿದಾಗ ಆಂದೋಲಕದ ಎಣಿಕೆ 1,067ರ ಸಮೀಪ ಬರುವುದೇ ಎಂದು ನೋಡಬೇಕು. ಮಾಪಕದೊಳಗಿನ ಸ್ಫಟಿಕವೂ ನಿರ್ದೋಷಿಯಲ್ಲ. ಅದು ಹತ್ತು ಲಕ್ಷಕ್ಕೆ ಹತ್ತು ಭಾಗ ತಪ್ಪಿದರೆ ಇಲ್ಲಿ ಸುಮಾರು 75 ಹರ್ಟ್ಸ್ ವ್ಯತ್ಯಾಸ. ಕೊನೆಯ ಅಂಕಿಯನ್ನು ನಂಬುವಂತಿಲ್ಲ. ಅಂಕಿಗಳು ಹೆಚ್ಚಿದಷ್ಟೂ ಸತ್ಯ ಹೆಚ್ಚುವುದೆಂಬ ಭ್ರಮೆ ಪ್ರಯೋಗಶಾಲೆಗಳಲ್ಲಿಯೂ ಇಲ್ಲದಿಲ್ಲ.

ಇನ್ನು ಕೊರೆಯುವ ವಿಚಾರ. 1954ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು. ಆ ಯುಗ ಮುಗಿದಿದೆ. ಉಳಿದ ಗ್ರಾಹಕಗಳು ಅದರ ದಾಖಲೆಗಳು. ಕೊರೆದ ಲೋಹವು ಮತ್ತೆ ಕೂಡದು. ಮಾಪಕವನ್ನು ಬೇರೆಯೇ ಲೋಹದ ಪೆಟ್ಟಿಗೆಯಲ್ಲಿಟ್ಟು, ಕೆಲವೇ ಪಿಕೋಫ್ಯಾರಡ್‌ಗಳ ಕೆಪಾಸಿಟರ್ ಹಾಗೂ ಒಂದು ಬಫರ್ ಮೂಲಕ ಆಂದೋಲಕಕ್ಕೆ ಜೋಡಿಸಿದರೆ ಸಾಕು. ಇವಿಲ್ಲದೆ ನೇರವಾಗಿ ತಂತಿ ಬೆಸೆದರೆ ಆಂದೋಲಕದ ಆವೃತ್ತಿಯೇ ಬದಲಾಗಿ, ಅಳೆಯಹೊರಟದ್ದನ್ನು ಅಳತೆಯೇ ಕೆಡಿಸುತ್ತದೆ. ಲೋಹದ ಪೆಟ್ಟಿಗೆ ಏಕೆಂದರೆ, ಎಣಿಸುವ ಯಂತ್ರವೂ ಗದ್ದಲ ಮಾಡುತ್ತದೆ. ಉಪನಗರದ ಎಲ್‌ಇಡಿ ದೀಪಗಳ, ಚಾರ್ಜರ್‌ಗಳ ಕರ್ಕಶ ಈಗಾಗಲೇ ಸಾಲದೇ? ವಾಲ್ವ್ ಗ್ರಾಹಕದೊಳಗೆ 200 ವೋಲ್ಟಿಗೂ ಮೀರಿದ ವಿದ್ಯುತ್ತಿದ್ದು, ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಆದುದರಿಂದ ಅನುಭವಸ್ಥರ ಸಮ್ಮುಖದಲ್ಲಲ್ಲದೆ ಕೈಹಾಕತಕ್ಕದ್ದಲ್ಲ.

ಜೋಡಿಸಿದ ಬಳಿಕ ತಿರುಪನ್ನು ಮುಟ್ಟದೆ ಒಂದು ಗಂಟೆ ಸುಮ್ಮನೆ ಕುಳಿತು, ಐದು ನಿಮಿಷಕ್ಕೊಮ್ಮೆ ಅಂಕಿಯನ್ನು ಬರೆದುಕೊಳ್ಳಿ. ವಾಲ್ವುಗಳು ಕಾದಂತೆ ಆವೃತ್ತಿ ಸರಿಯುವುದೂ, ಬರಬರುತ್ತ ಆ ಸರಿತ ನಿಧಾನವಾಗುವುದೂ ನಕ್ಷೆಯಲ್ಲಿ ಮೂಡುತ್ತದೆ. ಅಜ್ಜನು ಆಗಾಗ ತಿರುಪನ್ನು ಸವರುತ್ತಿದ್ದುದು ಇದಕ್ಕಾಗಿಯೇ.